ಹದಿನೆಂಟನೆಯ ಬಿಂದು

ಲ್ಯಾಬಿನ ಮೂಲೆಯಲ್ಲೊಂದು ಕಂದು ಸೀಸೆ.
ಒಳಗೆ ನೇರಳೆ ದ್ರಾವಣ,
ಬೆಳಕು ತಾಗಿದರೆ ಕೆಡುತ್ತದೆಂದು
ಚಪಾತಿ ಸುತ್ತುವ ಬೆಳ್ಳಿಹಾಳೆಯ ಹೊದಿಕೆ.
ಅದರ ಕಣಕಣದಲ್ಲೂ ಜೋಡಿಯಿಲ್ಲದ ಒಂದು ಎಲೆಕ್ಟ್ರಾನು
ಕರೆಯದೆ ಮದುವೆಗೆ ಬಂದವನ ಹಾಗೆ
ಸಿಕ್ಕಸಿಕ್ಕವರ ಕೈ ಹಿಡಿದು ಎಳೆಯುತ್ತಿರುತ್ತದೆ.

ಕೈಕೊಟ್ಟ ಎಂದರೆ ನಮ್ಮ ಮಾತಿನಲ್ಲಿ ಮೋಸ.
ಇಲ್ಲಿ ಹಾಗಲ್ಲ. ಎಲೆಯ ರಸ ಕೈಕೊಟ್ಟರೆ
ಅಲೆಮಾರಿ ಸುಮ್ಮನೆ ಕೂರುತ್ತಾನೆ,
ಅರ್ಧ ಗಂಟೆ ಕತ್ತಲಲ್ಲಿ ನೇರಳೆ ಇಳಿದು
ಹಳದಿಯಾಗುತ್ತದೆ.
ಒಂದು ಬಣ್ಣ ಎಷ್ಟು ಸೋತಿತೆಂದು ಅಳೆದು ಬರೆಯುವುದು
ಗದಗಿನಿಂದ ವಿರಾಜಪೇಟೆಗೆ ಬಂದ ನನ್ನ ಕೆಲಸ.

'ಯಾವ ಅಳತೆಯಲ್ಲಿ ನೋಡುತ್ತೀರಿ?' ಎಂದ ಅಟೆಂಡರ್ ಪಳಂಗಪ್ಪ.
ಐನೂರ ಹದಿನೇಳು ನ್ಯಾನೊಮೀಟರ್, ಎಂದೆ.
'ಛೆ, ಒಂದು ಕಡಿಮೆಯಾಯಿತಲ್ಲ!'

ಆ ಒಂದರ ಲೆಕ್ಕ ನನಗೆ ಆಗ ತಿಳಿಯದು.
ಕಕ್ಕಡದಲ್ಲಿ ದಿನಕ್ಕೊಂದು ಮದ್ದು ಸೇರುತ್ತ ಸೇರುತ್ತ
ಹದಿನೆಂಟನೆಯ ದಿನ ಮದ್ದುಸೊಪ್ಪಿನಲ್ಲಿ
ಹದಿನೆಂಟೂ ತುಂಬಿ ನಿಲ್ಲುತ್ತವಂತೆ.
'ಅಂತೆ' ಎಂಬುದಕ್ಕೆ ನಮ್ಮಲ್ಲಿ ಕಾಲಂ ಇಲ್ಲ, ಎಂದರು ಮೇಡಂ.
ಹತ್ತರಿಂದ ಇಪ್ಪತ್ತೈದರವರೆಗೆ ದಿನವೂ ಎಲೆ ತರಿಸು,
ಒಣಗಿಸು, ಅರೆ, ಸೋಸು, ಅಳೆ.
ಗಿಡ ಕ್ಯಾಲೆಂಡರ್ ಓದುತ್ತದೋ ನೋಡೋಣ.

ಎಲೆ ತರುವವಳು ಲೈನ್ ಮನೆಯ ಅಮ್ಮಿಣಿ.
ಬಾಳೆನಾರಿನಲ್ಲಿ ಕಟ್ಟಿದ ಕಂತೆ, ಕಾಲಲ್ಲಿ ಎರಡು ಜಿಗಣೆ,
ಅದರ ಮೇಲೆ ಒಂದಿಷ್ಟು ಸುಣ್ಣ.
ಹದಿನೈದರಂದು ಎಲೆ ಉಜ್ಜಿ ನನ್ನ ಮೂಗಿಗೆ ಹಿಡಿದಳು:
'ಇನ್ನೂ ಬಂದಿಲ್ಲ.'
ಹದಿನೇಳರಂದು: 'ಬಾಗಿಲಲ್ಲಿದೆ.'
ಯಂತ್ರಕ್ಕೆ ಎರಡೂ ದಿನ ಹೆಚ್ಚುಕಡಿಮೆ ಒಂದೇ.
ನಾನು ಯಂತ್ರದ ಕಡೆಯವಳು. ಆದರೂ
ಆ ಸಂಜೆ ನನ್ನ ಬೆರಳನ್ನು ನಾನೇ ಮೂಸಿಕೊಂಡೆ.

ಹದಿನೆಂಟು.
ಗೋಣಿಕೊಪ್ಪದ ದಾರಿಗೆ ಮರ ಬಿದ್ದು ಬಸ್ಸು ನಿಂತಿತು.
ನಾನು ಲ್ಯಾಬ್ ಮುಟ್ಟಿದಾಗ ಮಧ್ಯಾಹ್ನ ಎರಡು,
ಫ್ರಿಜ್ಜಿನಲ್ಲಿ ಬಾಳೆನಾರು ಮಾತ್ರ ಇತ್ತು.
ಹಿಂದಿನ ವರಾಂಡದಲ್ಲಿ ಪಳಂಗಪ್ಪ
ಕುದಿಯುವ ನೇರಳೆಯೊಳಗೆ ಬೆಲ್ಲ ಮುರಿದು ಹಾಕುತ್ತಿದ್ದ.

'ಪಾತ್ರೆ ಲ್ಯಾಬಿನದಲ್ಲ, ನನ್ನದೇ,' ಎಂದ ಮೊದಲು.
ಆಮೇಲೆ, ಸೌಟು ಎತ್ತದೆ:
'ಪದಿನೆಟ್ಟರ ದಿನ ಬಂದ ಸೊಪ್ಪನ್ನು
ತಿನ್ನದೆ ಅರೆದು ಸೀಸೆಗೆ ಹಾಕಿದರೆ
ಮೇಲಿನವರು ಕೇಳುವುದಿಲ್ಲವೇ?'

ಓಡಿದೆ ಬೇಲಿಯ ಕಡೆಗೆ. ಬೇಲಿ ಬೋಳು.
ನಸುಕಿನಲ್ಲೇ ಊರೆಲ್ಲ ಬಂದು ಕೊಯ್ದು ಹೋಗಿತ್ತು,
ಉಳಿದದ್ದು ದಂಟು.

ಬೈಯಲೆಂದೇ ವಾಪಸು ಬಂದೆ.
ಪಾಯಸ ಬಿಸಿ ಇತ್ತು. ಕಾಯಿತುರಿ, ಮೇಲೆ ತುಪ್ಪ.
ಹೆಸರಿಡಲಾಗದ ಪರಿಮಳ,
ಬಾಗಿಲು ದಾಟಿ ಒಳಗೆ ಬಂದದ್ದು.
ಅಮ್ಮಿಣಿ ನನ್ನ ಮುಖ ನೋಡುತ್ತಿದ್ದಳು, ಮಾತಿಲ್ಲ.
ಮೇಡಂ 'ಅರ್ಧ ಲೋಟ ಸಾಕು' ಎಂದು
ಎರಡು ಲೋಟ ಕುಡಿದರು.

ಮೂಲೆಯಲ್ಲಿ ಬೆಣ್ಣೆಹಣ್ಣಿನ ಅರ್ಧ ಹೋಳು ಕಪ್ಪಾಗುತ್ತಿತ್ತು.
ಪಳಂಗಪ್ಪನ ಮನೆಯ ಒಡಿಕತ್ತಿಗೆ ತುಕ್ಕು,
ಕೈಲ್‌ಪೊಳ್ದಿಗೆ ಮುಂಚೆ ಉಜ್ಜಬೇಕಂತೆ.
ಎರಡೂ ಒಂದೇ ಗಾಳಿಯ ಕೆಲಸ, ಎಂದೆ.
'ನಮ್ಮದೂ?' ಎಂದ, ನರೆತ ಮೀಸೆ ಒರೆಸಿಕೊಳ್ಳುತ್ತ.
ನಮ್ಮದೂ.
'ಹಾಗಾದರೆ ಇನ್ನೊಂದು ಸೌಟು ಹಾಕಿಕೊಳ್ಳಿ.'

ಮರುದಿನ ಬೆಳಿಗ್ಗೆ
ಎಲ್ಲರ ಮೂತ್ರವೂ ಕೆಂಪು.
ಕಾರಿಡಾರಿನಲ್ಲಿ ಎದುರಾದ ಮೇಡಂ ಹುಬ್ಬೇರಿಸಿದರು,
ನಾನು ತಲೆಯಾಡಿಸಿದೆ.
ಇಬ್ಬರೂ ಏನೂ ಬರೆದುಕೊಳ್ಳಲಿಲ್ಲ.

ಈಗ ಗ್ರಾಫಿನಲ್ಲಿ ಹದಿನೈದು ಬಿಂದುಗಳಿವೆ.
ಹದಿನೇಳರಿಂದ ಹತ್ತೊಂಬತ್ತಕ್ಕೆ ಗೆರೆ ಎಳೆದುಬಿಡು,
ಯಾರಿಗೂ ಗೊತ್ತಾಗುವುದಿಲ್ಲ, ಎನ್ನುತ್ತಾರೆ ಸಹಪಾಠಿಗಳು.
ಎಳೆದಿಲ್ಲ.
ಕೆಳಗೆ ಸಣ್ಣ ಅಕ್ಷರದಲ್ಲಿ,
'ಮಾದರಿ ಲಭ್ಯವಿಲ್ಲ' ಎಂದು ಬರೆದೆ,
ಹೊಡೆದು ಹಾಕಿ, 'ಬಳಸಲಾಗಿದೆ' ಎಂದು ತಿದ್ದಿದೆ.